ಜೇಬಿನಲ್ಲಿದ್ದ ಬಿರಡೆ

ಅವತ್ತು ದೋಣಿಯ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಗಾಳಿ ಚೆನ್ನಾಗಿತ್ತು. ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಒಡೆಯುತ್ತಿತ್ತು. ನನ್ನ ಜೊತೆಗೇ ಹೊರಟ ಇನ್ನೆರಡು ಲೇಸರ್ ದೋಣಿಗಳು ಆಗಲೇ ಆಚೆ ದಡ ಮುಟ್ಟುವುದರಲ್ಲಿದ್ದವು. ನನ್ನದು ಮಾತ್ರ ಕೆಸರಿಗಿಳಿದ ಎಮ್ಮೆಯ ಹಾಗೆ, ಮುಂದಕ್ಕೆ ಹೋಗೋಕೂ ಮನಸ್ಸಿಲ್ಲ, ನಿಲ್ಲೋಕೂ ಮನಸ್ಸಿಲ್ಲ.

ಲೇಸರ್ ನೋಡದವರಿಗೆ ಸ್ವಲ್ಪ ಹೇಳಬೇಕು. ಇದು ಒಬ್ಬರೇ ನಡೆಸುವ ಪುಟ್ಟ ಫೈಬರ್‌ಗ್ಲಾಸ್ ಹಾಯಿದೋಣಿ. ಉದ್ದ ಸುಮಾರು 4.2 ಮೀಟರ್, ಅಗಲ 1.4 ಮೀಟರ್‌ಗೆ ಸ್ವಲ್ಪ ಕಡಿಮೆ, ಹಲ್, ಅಂದರೆ ದೋಣಿಯ ಒಡಲಿನ ತೂಕ 59 ಕಿಲೋ. ಹಾಯಿ ಒಂದೇ, ಏಳು ಚದರ ಮೀಟರ್‌ನದು. ಕಂಬ ಎರಡು ತುಂಡು. ಒಂದರೊಳಗೆ ಒಂದು ಸಿಕ್ಕಿಸಿ, ಹಾಯಿಯ ಅಂಚಿನ ತೋಳಿನೊಳಗೆ ತೂರಿಸಿ, ಡೆಕ್‌ನ ತೂತಿಗೆ ಇಳಿಸಿಬಿಟ್ಟರೆ ಆಯಿತು. ಕಂಬವನ್ನು ಹಿಡಿದು ನಿಲ್ಲಿಸುವ ತಂತಿ ಇಲ್ಲ, ಹಾಯಿ ಏರಿಸುವ ಹಗ್ಗವೂ ಇಲ್ಲ. 1969ರಲ್ಲಿ ಕಾರಿನ ತಲೆ ಮೇಲೆ ಹೊತ್ತೊಯ್ಯುವಂಥ ದೋಣಿ ಬೇಕು ಅಂತ ದೋಣಿ ಕಟ್ಟುವ ಇಯಾನ್ ಬ್ರೂಸ್ ಫೋನಿನಲ್ಲಿ ಕೇಳಿದಾಗ, ದೋಣಿ ವಿನ್ಯಾಸಕಾರ ಬ್ರೂಸ್ ಕಿರ್ಬಿ ಮಾತಾಡುತ್ತಲೇ ಕಾಗದದ ಮೇಲೆ ಗೀಚಿದ ಚಿತ್ರದಿಂದ ಹುಟ್ಟಿದ್ದು ಇದು. 1971ರಲ್ಲಿ ಮಾರಾಟಕ್ಕೆ ಬಂತು. 1996ರಲ್ಲಿ ಒಲಿಂಪಿಕ್ಸ್‌ಗೂ ಹೋಯಿತು. ಇಲ್ಲಿವರೆಗೆ ಎರಡು ಲಕ್ಷಕ್ಕಿಂತ ಜಾಸ್ತಿ ದೋಣಿಗಳಾಗಿವೆ. ಫೋನಿನಲ್ಲಿ ಗೀಚಿದ್ದು ಇಷ್ಟು ದೂರ ಬರುತ್ತೆ ಅಂತ ಗೀಚಿದವರೂ ಅಂದುಕೊಂಡಿರಲಿಕ್ಕಿಲ್ಲ.

ಈ ದೋಣಿಯಲ್ಲಿ ಹಗ್ಗಗಳು ಕಡಿಮೆ, ಹಾಗಾಗಿ ನೆಪಗಳೂ ಕಡಿಮೆ. ದೋಣಿ ನಿಧಾನ ಅಂದರೆ ತಪ್ಪು ಓಡಿಸುವವನದು. ಅದಕ್ಕೇ ನಾನೂ ಮೊದಲು ನನ್ನನ್ನೇ ಅನುಮಾನಿಸಿದೆ. ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ಮೇಲೇಳದಂತೆ ಎಳೆಯುವ ವ್ಯಾಂಗ್ ಬಿಗಿ ಮಾಡಿದೆ. ಆಗಲಿಲ್ಲ. ಸಡಿಲ ಬಿಟ್ಟೆ. ಹಾಯಿಯ ಹೊಟ್ಟೆ ಜಾಸ್ತಿ ಆಯಿತೇನೋ ಅಂತ ಹಾಯಿಯನ್ನು ಬೂಮಿನ ಉದ್ದಕ್ಕೆ ಬಿಗಿಯುವ ಹಗ್ಗ, ಔಟ್‌ಹಾಲ್, ಎಳೆದೆ. ಮುಂದಕ್ಕೆ ಸರಿದು ಕೂತೆ. ಪಾದಗಳನ್ನು ಪಟ್ಟಿಯ ಕೆಳಗೆ ಸಿಕ್ಕಿಸಿ, ಮೈಯನ್ನೆಲ್ಲ ದೋಣಿಯಿಂದಾಚೆ ಚಾಚಿದೆ. ಇದಕ್ಕೆ ಹೈಕಿಂಗ್ ಅಂತಾರೆ. ಬೆಟ್ಟ ಹತ್ತುವ ಹೈಕಿಂಗ್ ಇದಕ್ಕಿಂತ ಎಷ್ಟೋ ಸುಖ. ಚಾಚಿದಾಗಲೆಲ್ಲ ಲೈಫ್ ಜಾಕೆಟ್‌ನ ಜೇಬಿನಲ್ಲಿ ಏನೋ ಗಟ್ಟಿ ವಸ್ತು ಪಕ್ಕೆಗೆ ಒತ್ತುತ್ತಿತ್ತು. ಒತ್ತಲಿ ಬಿಡು ಅಂದುಕೊಂಡೆ.

ವಿಚಿತ್ರ ಏನೆಂದರೆ, ದೋಣಿ ನನ್ನ ಮಾತಿಗೆ ತಡವಾಗಿ ಉತ್ತರ ಕೊಡುತ್ತಿತ್ತು. ಗಾಳಿ ಜೋರಾಗಿ ಬೀಸಿದಾಗ ಲೇಸರ್ ಥಟ್ಟನೆ ವಾಲುತ್ತೆ. ಮೈ ಚಾಚಿದರೆ ಥಟ್ಟನೆ ಎದ್ದು ಮುಂದಕ್ಕೆ ಚಿಮ್ಮುತ್ತೆ. ಇವತ್ತು ವಾಲಿದ ಮೇಲೆ ಅಲ್ಲೇ ಯೋಚನೆ ಮಾಡುತ್ತಾ ನಿಲ್ಲುತ್ತಿತ್ತು. ಆಮೇಲೆ ಎದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಎದ್ದು ನನ್ನ ಮೇಲೇ ಬೀಳುವ ಹಾಗೆ ಬರುತ್ತಿತ್ತು. ಟ್ಯಾಕ್ ಮಾಡಲು, ಅಂದರೆ ಮೂಗನ್ನು ಗಾಳಿಗೆದುರಾಗಿ ದಾಟಿಸಿ ದಿಕ್ಕು ಬದಲಿಸಲು, ಹೋದರೆ ಮೂಗು ಗಾಳಿಗೆ ನೇರವಾಗಿ ತಿರುಗಿ ಅಲ್ಲೇ ಸತ್ಯಾಗ್ರಹ. ಹಾಯಿ ಪಟಪಟ ಬಡಿಯುತ್ತಿದೆ, ನಾನು ಚುಕ್ಕಾಣಿ ಅಲ್ಲಾಡಿಸುತ್ತಿದ್ದೇನೆ, ದೋಣಿ ಹಿಂದಕ್ಕೆ ಹೋಗುತ್ತಿದೆ.

ಜೊತೆಗೆ ಕಾಲ ಕೆಳಗಿಂದ ಗುಳುಗುಳು ಸದ್ದು. ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ ಡ್ಯಾಗರ್‌ಬೋರ್ಡ್. ಅದು ಇಳಿಯುವ ಸೀಳಿನಲ್ಲಿ ನೀರು ಆಡೋದು ಮಾಮೂಲು. ಅದೇ ಇರಬೇಕು ಅಂದುಕೊಂಡೆ. ಕಾಲಿಡುವ ತಗ್ಗು, ಅಂದರೆ ಕಾಕ್‌ಪಿಟ್, ಬೇರೆ ಒಣಗಿತ್ತು. ಅದರ ತಳದಲ್ಲೊಂದು ಬೇಲರ್ ಇದೆ, ದೋಣಿ ಓಡುವಾಗ ಕಾಕ್‌ಪಿಟ್‌ನ ನೀರನ್ನು ತಾನೇ ಹೀರಿ ಹೊರಗೆ ಹಾಕುತ್ತೆ. ಕಾಲ ಕೆಳಗೆ ನೀರಿಲ್ಲ ಅಂದಮೇಲೆ ದೋಣಿಯಲ್ಲಿ ನೀರಿಲ್ಲ, ಅಲ್ವಾ? ಇದು ನನ್ನ ತರ್ಕ.

ವಾಪಸ್ ಬರುವಾಗ ಗಾಳಿ ಬೆನ್ನಿಗಿತ್ತು. ಬೂಮನ್ನು ಪೂರ್ತಿ ಹೊರಗೆ ಬಿಟ್ಟು ಓಡಿಸುವ ಹೊತ್ತು ಇದು. ನೋಡುವವರಿಗೆ ಆರಾಮ ಅನ್ನಿಸುತ್ತೆ, ಆದರೆ ಲೇಸರ್ ಅತಿ ಹೆಚ್ಚು ತಲೆಹರಟೆ ಮಾಡುವುದು ಇಲ್ಲೇ. ತೊಟ್ಟಿಲಿನ ಹಾಗೆ ಎಡಕ್ಕೆ ಬಲಕ್ಕೆ ತೂಗಲು ಶುರು ಮಾಡುತ್ತೆ. ತಕ್ಷಣ ಹಾಯಿಯ ಹಗ್ಗ ಸ್ವಲ್ಪ ಎಳೆದುಕೊಳ್ಳದಿದ್ದರೆ ಹಾಯಿ ಇಲ್ಲದ ಕಡೆಗೆ, ಅಂದರೆ ನಾವು ಕೂತ ಕಡೆಗೇ, ಮಗುಚುತ್ತೆ. ಇದಕ್ಕೆ ಡೆತ್ ರೋಲ್ ಅಂತ ಹೆಸರು. ಸಾಮಾನ್ಯವಾಗಿ ಎರಡು ಮೂರು ತೂಗಾಟದ ಎಚ್ಚರಿಕೆ ಸಿಗುತ್ತೆ. ಅವತ್ತು ಒಂದೇ. ಒಳಗೆ ಏನೋ ಧಡಕ್ಕನೆ ಈ ಕಡೆಗೆ ಬಂದ ಹಾಗಾಯಿತು, ಅಷ್ಟೇ. ನಾನು ಬೆನ್ನು ಮೇಲಾಗಿ ನೀರಿನಲ್ಲಿದ್ದೆ.

ಮಗುಚುವುದು ದೊಡ್ಡ ವಿಷಯವಲ್ಲ. ಈಜಿಕೊಂಡು ಹೋಗಿ ಡ್ಯಾಗರ್‌ಬೋರ್ಡ್ ಹಿಡಿದು ಜೋತುಬೀಳಬೇಕು, ದೋಣಿ ಎದ್ದು ಕೂರುತ್ತೆ. ಆದರೆ ಈ ಮಹಾರಾಯ ನಾನು ತಲುಪುವ ಹೊತ್ತಿಗೆ ಪೂರ್ತಿ ಬೋರಲಾಗಿದ್ದ. ಡೆಕ್‌ನ ಅಂಚಿನ ಮೇಲೆ ನಿಂತು, ಬೋರ್ಡ್ ಹಿಡಿದು, ಹಿಂದಕ್ಕೆ ವಾಲಿ ಕಾದೆ. ಬಹಳ ಹೊತ್ತಿನ ಮೇಲೆ ನಿಧಾನವಾಗಿ ಎದ್ದು, ಎದ್ದ ವೇಗದಲ್ಲೇ ನನ್ನ ಮೇಲಿಂದ ಹಾದು ಇನ್ನೊಂದು ಮಗ್ಗುಲಿಗೆ ಬಿದ್ದುಬಿಟ್ಟ. ಮೂರು ಸಲ ಇದೇ ಆಟ.

ಅಷ್ಟರಲ್ಲಿ ಗೆಳೆಯ ತನ್ನ ದೋಣಿ ತಿರುಗಿಸಿಕೊಂಡು ಹತ್ತಿರ ಬಂದ. ಒಂದು ಸುತ್ತು ಹಾಕಿ ನೋಡಿದ. ಕೇಳಿದ್ದು ಒಂದೇ ಪ್ರಶ್ನೆ: "ಬಿರಡೆ ಹಾಕಿದ್ದೀಯಾ?"

ಲೇಸರ್‌ನ ಹಲ್ ಒಂದು ಅಚ್ಚಿನಲ್ಲಿ, ಡೆಕ್ ಇನ್ನೊಂದು ಅಚ್ಚಿನಲ್ಲಿ ಎರಕವಾಗುತ್ತವೆ. ಎರಡನ್ನೂ ಅಂಚಿನಲ್ಲಿ ಅಂಟಿಸುತ್ತಾರೆ. ನಡುವೆ ಟೊಳ್ಳು. ಆ ಟೊಳ್ಳಿಗೆ ಜಿನುಗಿದ ನೀರನ್ನು ಬಸಿಯಲು ದೋಣಿಯ ಹಿಂಭಾಗದಲ್ಲಿ ಒಂದು ತೂತು, ಅದಕ್ಕೊಂದು ತಿರುಪಿನ ಬಿರಡೆ. ದಡದಲ್ಲಿ ಇಟ್ಟಾಗ ಅದನ್ನು ತೆಗೆದಿಡುವುದು ಒಳ್ಳೆಯದು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಅಂಟಿಸಿದ ಅಂಚಿನ ಮೇಲೆ ಒತ್ತಡ ಬೀಳುವುದಿಲ್ಲ, ಒಳಗೂ ಒಣಗುತ್ತೆ. ಹಿಂದಿನ ಸಂಜೆ ನಾನೇ ಜಾಣನ ಹಾಗೆ ತೆಗೆದಿಟ್ಟಿದ್ದೆ.

ಹಿಂದಕ್ಕೆ ಈಜಿ ಹೋದೆ. ನೀರಿನೊಳಗೆ ಕೈಯಾಡಿಸಿದೆ. ಹಲ್‌ನ ನುಣ್ಣನೆಯ ಹೊರಲೇಪ, ಚುಕ್ಕಾಣಿಯ ಹಿಡಿ, ಆಮೇಲೆ ಪ್ಲಾಸ್ಟಿಕ್‌ನ ಒಂದು ಬಳೆ. ಬೆರಳು ಸಲೀಸಾಗಿ ಒಳಗೆ ಹೋಯಿತು. ಒಳಗಿನ ತಿರುಪಿನ ಗೆರೆಗಳೂ ಕೈಗೆ ತಾಗಿದವು. ಇನ್ನೊಂದು ಕೈ ತನ್ನಷ್ಟಕ್ಕೇ ಲೈಫ್ ಜಾಕೆಟ್‌ನ ಜೇಬಿಗೆ ಹೋಯಿತು. ಮಧ್ಯಾಹ್ನದಿಂದ ಪಕ್ಕೆಗೆ ಒತ್ತುತ್ತಿದ್ದದ್ದು ಅದೇ.

ಅದನ್ನು ತಿರುಗಿಸಿ ಹಾಕಿದೆ. ಗೆಳೆಯ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಅಂದಿದ್ದಕ್ಕಿಂತ ಜಾಸ್ತಿ ಕೇಳಿಸಿತು. ಆ ದೋಣಿ ಮುಳುಗುವ ಭಯವೇನೂ ಇರಲಿಲ್ಲ, ಒಳಗೆ ಗಾಳಿ ತುಂಬಿದ ಡಬ್ಬಗಳಿರುತ್ತವೆ. ತೆವಳಿಕೊಂಡು ದಡಕ್ಕೆ ಬಂದೆವು.

ದಡದಲ್ಲಿ ಮೂತಿಯನ್ನು ಎತ್ತಿ ಕಟ್ಟೆಗೆ ಒರಗಿಸಿ, ಬಿರಡೆ ಬಿಚ್ಚಿ, ಕೆಳಗೆ ಬಕೆಟ್ ಇಟ್ಟೆ. ಹೆಬ್ಬೆರಳು ಗಾತ್ರದ ಧಾರೆ. ಬೆಚ್ಚಗಿನ ನೀರು, ಹಳೆಯ ರೆಸಿನ್‌ನ ವಾಸನೆ. ಹದಿನೈದು ಲೀಟರ್‌ನ ಎರಡು ಬಕೆಟ್ ತುಂಬಿ ಮೂರನೆಯದು ಅರ್ಧವಾಯಿತು. ಅಂದರೆ ಸುಮಾರು 37 ಕಿಲೋ. 59 ಕಿಲೋದ ಹಲ್‌ಗೆ 37 ಕಿಲೋ ಹೆಚ್ಚುವರಿ. ಸುಮ್ನೆ ಒಂದು ಕಡೆ ಕೂತಿರುವ 37 ಕಿಲೋ ಆಗಿದ್ದರೆ ದೋಣಿ ಬರೀ ನಿಧಾನವಾಗುತ್ತಿತ್ತು. ಇದು ಹರಿದಾಡುವ ಭಾರ. ದೋಣಿ ಎತ್ತ ವಾಲುತ್ತೋ ಅತ್ತಲೇ ಓಡಿ ಹೋಗಿ ಇನ್ನಷ್ಟು ವಾಲಿಸುತ್ತೆ. ನಾನು ಮೈ ಚಾಚಿ ಸರಿ ಮಾಡುವುದನ್ನೆಲ್ಲ ಅದು ಕೆಳಗೆ ಕೂತು ಕೆಡಿಸುತ್ತಿತ್ತು.

ಬೆಳಕು ಇನ್ನೂ ಅರ್ಧ ಗಂಟೆ ಇತ್ತು. ಮತ್ತೆ ಇಳಿಸಿದೆ.

ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ತನ್ನ ಉದ್ದವೇ ಕಡಿವಾಣ. ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತೆ. ಲೇಸರ್‌ನ ಉದ್ದಕ್ಕೆ ಆ ಮಿತಿ ಸುಮಾರು 4.7 ನಾಟ್, ಗಂಟೆಗೆ ಒಂಬತ್ತು ಕಿಲೋಮೀಟರ್ ಹತ್ತಿರ. ಆದರೆ ದೋಣಿ ಹಗುರವಾಗಿದ್ದು, ಹಿಂದಿನ ತಳ ಚಪ್ಪಟೆಯಾಗಿದ್ದು, ಗಾಳಿಯೂ ಸಾಕಷ್ಟಿದ್ದರೆ ಅದು ಅಲೆಯ ಬೆನ್ನೇರಿ ನೀರಿನ ಮೇಲೆ ಜಾರತೊಡಗುತ್ತೆ. ಅದೇ ಪ್ಲೇನಿಂಗ್. ಗಾಳಿಯನ್ನು ಪಕ್ಕಕ್ಕೆ ತಂದುಕೊಂಡು ಹಗ್ಗ ಎಳೆದೆ, ಸ್ವಲ್ಪ ಹಿಂದಕ್ಕೆ ಸರಿದೆ. ಮೂತಿ ಎದ್ದಿತು. ಚುಕ್ಕಾಣಿಯ ಹಿಡಿ ಕೈಯಲ್ಲಿ ಗುಂಯ್‌ಗುಟ್ಟಲು ಶುರುವಾಯಿತು. ತಳಕ್ಕೆ ಅಲೆಗಳು ತಟತಟ ಬಡಿದವು, ಹಿಂದೆ ನೀರು ನೆಟ್ಟಗೆ ಗೆರೆ ಎಳೆದ ಹಾಗೆ. ಮಧ್ಯಾಹ್ನವೆಲ್ಲ ಕಾಡಿದ ದೋಣಿ ಇದೇನಾ ಅನ್ನಿಸಿತು. ನಾನು ಒಬ್ಬನೇ ಕೂಗುತ್ತಿದ್ದೆ, ಏನು ಕೂಗಿದೆನೋ ನೆನಪಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಜೈಬ್ ಮಾಡಲು, ಅಂದರೆ ಗಾಳಿ ಬೆನ್ನಿಗಿರುವಾಗ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ದಾಟಿಸಲು, ಹೋಗಿ, ಬೂಮಿಗೆ ತಲೆ ಬಗ್ಗಿಸುವುದು ಒಂದು ಗಳಿಗೆ ತಡವಾಗಿ, ಮತ್ತೆ ನೀರಿಗೆ ಬಿದ್ದೆ. ಬೋರ್ಡಿನ ಕಡೆಗೆ ಹೋಗುವ ಮೊದಲು ದೋಣಿಯ ಹಿಂಭಾಗಕ್ಕೆ ಈಜಿದೆ. ಬೆರಳಿಟ್ಟು ನೋಡಿದೆ. ಬಿಗಿಯಾಗಿತ್ತು.