ಮತ್ತೆ ಕುದಿಸಿದರೆ ಎಲ್ಲವೂ ಸರಿಹೋಗುವುದಿಲ್ಲ

ಉಳಿದ ಮಾಂಸದ ಅಡುಗೆಯನ್ನು ಮರುದಿನ ಚೆನ್ನಾಗಿ ಕುದಿಸಿದರೆ ಯಾವ ದೋಷವೂ ಉಳಿಯುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯಲ್ಲಿ ನಿಜವಿರುವುದು ಅರ್ಧ ಮಾತ್ರ ಎಂದು ತಿಳಿದ ಮೇಲೆ ನನ್ನ ಗಮನ ಒಲೆಯಿಂದ ಗಡಿಯಾರದ ಕಡೆಗೆ ಹೊರಳಿತು.

ಹಾಲು, ಮೊಟ್ಟೆ, ಮೀನು, ಮಾಂಸ ಇವೆಲ್ಲವೂ ನೀರಿನಂಶ ಮತ್ತು ಪ್ರೋಟೀನು ತುಂಬಿದ, ಹುಳಿ ಕಡಿಮೆಯಿರುವ ಪದಾರ್ಥಗಳಾದ್ದರಿಂದ, ನಮಗೆ ಪುಷ್ಟಿ ಕೊಡುವಷ್ಟೇ ಸುಲಭವಾಗಿ ಬ್ಯಾಕ್ಟೀರಿಯಾಗಳನ್ನೂ ಪೋಷಿಸುತ್ತವೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಮುಂತಾದವು ಅಡುಗೆಯ ನಡುಭಾಗ 70 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಬೆಂದರೆ ಸಾಯುತ್ತವೆ. ನಂಬಿಕೆಯ ನಿಜವಾದ ಅರ್ಧ ಇದು.

ಇನ್ನರ್ಧದ ಕಥೆ ಬೇರೆ. ನಮ್ಮ ಚರ್ಮ ಮತ್ತು ಮೂಗಿನಲ್ಲಿ ವಾಸಿಸುವ ಸ್ಟೆಫಿಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ, ಬೆಂದ ಆಹಾರವನ್ನು ಕೈಯಿಂದ ಮುಟ್ಟಿದಾಗ ಅದಕ್ಕೆ ಸೇರಿ, ಗಂಟೆಗಟ್ಟಲೆ ಹೊರಗಿಟ್ಟ ಪಾತ್ರೆಯಲ್ಲಿ ಬೆಳೆದು ವಿಷವನ್ನು ಉತ್ಪಾದಿಸುತ್ತದೆ. ಮರುದಿನ ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆಯಾದರೂ ಅದು ಬಿಟ್ಟುಹೋದ ವಿಷ ಕುದಿಯುವ ಶಾಖಕ್ಕೂ ಬಗ್ಗುವುದಿಲ್ಲ. ವಾಸನೆ, ರುಚಿ ಯಾವುದೂ ಬದಲಾಗದಿರುವುದರಿಂದ ಮೂಸಿ ನೋಡಿ ತೀರ್ಮಾನಿಸುವ ನಮ್ಮ ಹಳೆಯ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೀನಿನ ವಿಷಯದಲ್ಲೂ ಹೀಗೆಯೇ: ಬಂಗುಡೆ, ಕೇದರದಂಥ ಮೀನುಗಳನ್ನು ತಣ್ಣಗಿಡದೆ ಹೋದಾಗ ಉಂಟಾಗುವ, ಅಲರ್ಜಿಯಂಥ ತೊಂದರೆ ತರುವ ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಎಷ್ಟು ಬೇಯಿಸಿದರೂ ತೆಗೆಯಲಾಗುವುದಿಲ್ಲ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕುದಿತವನ್ನು ಗಟ್ಟಿ ಕವಚದ ಬೀಜಾಣುಗಳ ರೂಪದಲ್ಲಿ ತಾಳಿಕೊಂಡು, ದೊಡ್ಡ ಪಾತ್ರೆಯ ಅಡುಗೆ ನಿಧಾನವಾಗಿ ಆರುವಾಗ ಮತ್ತೆ ಚಿಗುರುತ್ತದೆ. ಮೇಲ್ಭಾಗ ತಣ್ಣಗಾದಂತೆ ಕಂಡರೂ ಅಂಥ ಪಾತ್ರೆಯ ಒಡಲು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆ ಬಿಸುಪಿನಲ್ಲಿ ಇದರ ಸಂಖ್ಯೆ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬೆಂದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು, 5ರಿಂದ 60 ಡಿಗ್ರಿಗಳ ನಡುವೆ ಬಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದಿನ ಕಾರಣ ಇದೇ.

ಫ್ರಿಜ್ಜೂ ಪೂರ್ತಿ ಅಭಯವಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಆ ತಂಪಿನಲ್ಲೂ ಮೆಲ್ಲಗೆ ಬೆಳೆಯುತ್ತದೆ. ಗರ್ಭಿಣಿಯರಿದ್ದ ಮನೆಯಲ್ಲಿ ಇದನ್ನು ಹಗುರವಾಗಿ ಎಣಿಸಲೇಬಾರದು. ಇನ್ನು ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದರಿಂದ ಅದು ಶುದ್ಧವಾಗುವುದಿಲ್ಲ, ಸಿಡಿದ ಹನಿಗಳ ಜೊತೆ ಸೂಕ್ಷ್ಮಜೀವಿಗಳು ಪಕ್ಕದ ತಟ್ಟೆ, ತರಕಾರಿಗಳಿಗೂ ಹರಡುತ್ತವೆ. ಈ ಅಭ್ಯಾಸವನ್ನು ಬಿಡಲು ನನಗೆ ನಿಜಕ್ಕೂ ಕಷ್ಟವಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಕಲುಷಿತ ಆಹಾರದಿಂದ ವರ್ಷಕ್ಕೆ ಸಾಯುವ ಸುಮಾರು 4,20,000 ಜನರಲ್ಲಿ 1,25,000 ಮಂದಿ 5 ವರ್ಷದೊಳಗಿನ ಮಕ್ಕಳು. ಅದನ್ನು ಓದಿದ ದಿನದಿಂದ, ಊಟ ಮುಗಿದ ಕೂಡಲೇ ಉಳಿದ ಅಡುಗೆಯನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಹಬೆ ಇಳಿದೊಡನೆ ಫ್ರಿಜ್ಜಿಗೆ ಸೇರಿಸುತ್ತೇನೆ. ತಟ್ಟೆ ತೊಳೆಯುವ ಕೆಲಸ ಅದರ ನಂತರ.