ಹ್ಯಾಮ್ ಲೈಸೆನ್ಸ್ ತಯಾರಿ: ಮೋರ್ಸ್ ಕಿವಿಗೆ, ಥಿಯರಿ ಕೈಗೆ

ಹ್ಯಾಮ್ ರೇಡಿಯೋ ಅಂದರೆ ಹವ್ಯಾಸಕ್ಕಾಗಿ ರೇಡಿಯೋ ಸಂಪರ್ಕ ನಡೆಸೋದು. ಅದರ ಲೈಸೆನ್ಸ್‌ಗೆ ಜನರಲ್ ಗ್ರೇಡ್ ಪರೀಕ್ಷೆಯ ನನ್ನ ತಯಾರಿ ಅರ್ಧ ದಾರಿಗೆ ಬಂದಿದೆ. ಅದಕ್ಕಿಂತ ಕೆಳಗಿನ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ (ಅಕ್ಷರಗಳನ್ನು ಗಿಡ್ಡ-ಉದ್ದ ಸದ್ದುಗಳಲ್ಲಿ ಕಳಿಸೋ ಸಂಕೇತ) ಬೇಕಿಲ್ಲ. ಜನರಲ್‌ಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಬರಬೇಕು. ಜೊತೆಗೆ ಥಿಯರಿ, ನಿಯಮಗಳು.

ಶುರುವಿನಲ್ಲೇ ಗೆಳೆಯನೊಬ್ಬ "ನೀನು ಯಾವ ಥರ ಕಲಿಯೋ ಗಿರಾಕಿ ಅಂತ ಮೊದಲು ನೋಡ್ಕೋ" ಎಂದು ವಾರ್ಕ್ ಪ್ರಶ್ನಾವಳಿ ಕಳಿಸಿದ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ರೂಪಿಸಿದ್ದು. ನೋಡಿ, ಕೇಳಿ, ಓದಿ-ಬರೆದು, ಮಾಡಿ ಕಲಿಯುವವರು ಅಂತ ನಾಲ್ಕು ಬಗೆ. ನನಗೆ 'ನೋಡಿ ಕಲಿಯುವವರು' ಅಂತ ಬಂತು. ಇರಬಹುದು, ಚಿತ್ರ, ನಕ್ಷೆ ಇದ್ದರೆ ನನಗೆ ಖುಷಿ. ಆದರೆ ಖುಷಿ ಕೊಡೋದು ಬೇರೆ, ತಲೆಯಲ್ಲಿ ಉಳಿಯೋದು ಬೇರೆ ಅಲ್ವಾ? 2008ರಲ್ಲಿ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪಾಷ್ಲರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಜಾಲಾಡಿದ್ದರು. ಅವರವರ ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ. ಸರಿ, ನನ್ನ ಶೈಲಿ ಪಕ್ಕಕ್ಕಿರಲಿ, ವಿಷಯ ಏನು ಕೇಳುತ್ತೆ ನೋಡೋಣ ಅಂತ ಹೊರಟೆ.

ಮೋರ್ಸ್ ಕೇಳೋದು ಕಿವಿಯನ್ನೇ. ಚುಕ್ಕಿ-ಗೆರೆಯ ಚಾರ್ಟ್ ಬಾಯಿಪಾಠ ಮಾಡಿದರೆ, ಸದ್ದು ಕೇಳಿ, ಚುಕ್ಕಿ ಎಣಿಸಿ, ಚಾರ್ಟ್ ನೆನಪಿಸಿಕೊಳ್ಳೋದರೊಳಗೆ ಮುಂದಿನ ಅಕ್ಷರ ಹಾರಿಹೋಗಿರುತ್ತೆ. ಹಾಗಾಗಿ ಕಾಕ್ ವಿಧಾನ ಹಿಡಿದೆ. ಮೊದಲ ದಿನದಿಂದಲೇ ಪೂರ್ತಿ ವೇಗ, ಆದರೆ ಎರಡೇ ಅಕ್ಷರ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಇನ್ನೊಂದು ಸೇರಿಸೋದು. ಚುಕ್ಕಿಯ ಗಿಡ್ಡ ಸದ್ದು 'ಡಿ', ಗೆರೆಯ ಉದ್ದ ಸದ್ದು 'ಡಾ'. ಕೆ ಅಂದರೆ 'ಡಾ ಡಿ ಡಾ', ಎಂ ಅಂದರೆ 'ಡಾ ಡಾ'. ಈಗ 'ಡಿ ಡಿ ಡಿ ಡಾ, ಡಿ ಡಿ ಡಾ' ಕೇಳಿದರೆ ಎಣಿಸೋದೇ ಇಲ್ಲ, ಕೈ ತಾನಾಗಿ 'ವಿಯು' (VU) ಅಂತ ಬರೆಯುತ್ತೆ. ನಮ್ಮ ದೇಶದ ಹ್ಯಾಮ್ ಕರೆಸಂಕೇತಗಳು, ಅಂದರೆ ಪ್ರತಿ ಹ್ಯಾಮ್‌ಗೂ ಇರೋ ಗುರುತಿನ ಹೆಸರುಗಳು, ಶುರುವಾಗೋದೇ ಹಾಗೆ. ಕಾಟ ಕೊಡ್ತಿರೋದು ಎಸ್, ಎಚ್ ಮತ್ತು 5. ಮೂರು, ನಾಲ್ಕು, ಐದು 'ಡಿ'ಗಳು, ಎಲ್ಲಾ ಒಂದೇ ಥರ ಸರ್ರಂತ ಹೋಗುತ್ತವೆ. ಈ ಮೂರನ್ನೇ ಬೆರೆಸಿ ಬೇರೆ ಪಾಠ ಮಾಡಿಕೊಂಡಿದ್ದೇನೆ.

ಥಿಯರಿಗೆ ಕಿವಿ ಸಾಲದು. ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ಸರ್ಕ್ಯೂಟ್ ಬಿಡಿಸ್ತೇನೆ. ಕೆಪಾಸಿಟರ್ ನಾಲ್ಕು ಪಟ್ಟಾದರೆ ಅನುರಣನ ಆವರ್ತನ (ಸರ್ಕ್ಯೂಟ್ ಅತಿ ಹೆಚ್ಚು ಸ್ಪಂದಿಸೋ ಆವರ್ತನ) ಏನಾಗುತ್ತೆ? ಅರ್ಧ. ಯಾಕೆ? ಸೂತ್ರದಲ್ಲಿ ಅದು ವರ್ಗಮೂಲದೊಳಗೆ ಕೂತಿದೆ. 7.1 ಮೆಗಾಹರ್ಟ್ಸ್‌ಗೆ ಡೈಪೋಲ್ ಅನ್ನೋ ತಂತಿ ಆಂಟೆನಾದ ಉದ್ದ ಎಷ್ಟು? ಸೂತ್ರದಲ್ಲಿರೋ 143ನ್ನು 7.1ರಿಂದ ಭಾಗಿಸಿದರೆ ಸುಮಾರು 20 ಮೀಟರ್. ನಮ್ಮ ತಾರಸಿ ಅಷ್ಟು ಉದ್ದ ಇಲ್ಲ, ಅದು ಆಮೇಲಿನ ತಲೆನೋವು!

ಇದು ಸುಮ್ನೆ ಓದೋದಕ್ಕಿಂತ ಕಷ್ಟ, ನಿಜ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್, ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪಠ್ಯ ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ. ಅದಕ್ಕೇ ಹಳೇ ಪ್ರಶ್ನೆಗಳನ್ನು ಮರುದಿನವೇ ಅಲ್ಲ, ಸ್ವಲ್ಪ ಮರೆಯೋಕೆ ಬಿಟ್ಟು ತೆಗೀತೇನೆ.

ಮುಂದಿನ ಕೆಲಸ ಮೋರ್ಸ್ ಕಳಿಸೋ ಅಭ್ಯಾಸ. ಒತ್ತಿ ಸಂಕೇತ ಕಳಿಸೋ ಕೀ ಇನ್ನೂ ಕೊಂಡಿಲ್ಲ. ಬ್ಯಾಟರಿ, ಬಜರ್, ಒಂದು ಸ್ವಿಚ್ ಸೇರಿಸಿ ಕೂತಿದ್ದೇನೆ. ಮನೆಯವರು ರಾತ್ರಿ ಒಂಬತ್ತರ ಮೇಲೆ ಬೇಡ ಅಂದಿದ್ದಾರೆ.