ಫೋಟೊ ಇರುವಾಗ ಎಲೆ ನೋಡುತ್ತಾ ಕೂರುವುದ್ಯಾಕೆ?

ನೀಡಲ್‌ಪಾಯಿಂಟ್, ಅಂದರೆ ಜಾಲರಿಯಂಥ ಕ್ಯಾನ್ವಾಸಿನ ಚೌಕಗಳನ್ನು ನೂಲಿನಿಂದ ತುಂಬಿ ಚಿತ್ರ ಮೂಡಿಸುವ ಕಸೂತಿಗೆ ವಿನ್ಯಾಸ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಹೂವಿನದ್ದೋ ಹಕ್ಕಿಯದ್ದೋ ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದೇ ಚೌಕ ಚೌಕ ಮಾಡಿಕೊಡುತ್ತಲ್ಲ, ನೀವ್ಯಾಕೆ ಒಂದು ಎಲೆ ಮುಂದಿಟ್ಟುಕೊಂಡು ವಾರಗಟ್ಟಲೆ ಕೂರುತ್ತೀರಿ?"

ಕೇಳುವುದರಲ್ಲಿ ತಪ್ಪೇನಿಲ್ಲ. ನಾನೂ ಒಮ್ಮೆ ಹಾಗೇ ಮಾಡಿದವಳು. ಒಣಗಿದ ಎಲೆಯೊಂದರ ಫೋಟೊ ಹಾಕಿದೆ, ಕ್ಷಣದಲ್ಲಿ ನಕ್ಷೆ ಬಂತು. ಅದರಲ್ಲಿ ನಲವತ್ತಕ್ಕೂ ಹೆಚ್ಚು ಕಂದು. ಕೆಲವು ಬಣ್ಣ ಇಡೀ ಎಲೆಯಲ್ಲಿ ಒಂದೇ ಒಂದು ಹೊಲಿಗೆಗೆ ಬಳಕೆಯಾಗುತ್ತಿದ್ದವು. ಹಟ ಹಿಡಿದು ಹೊಲಿದೆ. ಮುಗಿದ ಮೇಲೆ ದೂರ ನಿಂತು ನೋಡಿದರೆ ಎಲೆ ಇರಲಿಲ್ಲ, ಚಹಾ ಚೆಲ್ಲಿದ ಕಲೆಯಿತ್ತು.

ಯಾಕೆ ಹಾಗಾಯಿತು ಅನ್ನುವುದಕ್ಕೆ ಈ ಕೆಲಸದ ಲೆಕ್ಕ ಸ್ವಲ್ಪ ಹೇಳಬೇಕು. ನೀಡಲ್‌ಪಾಯಿಂಟಿಗೆ ಬಳಸುವ ಕ್ಯಾನ್ವಾಸ್ ಬಟ್ಟೆಗಿಂತ ಜಾಲರಿಗೆ ಹತ್ತಿರ. 13 ಮೆಶ್ ಅಂದರೆ ಇಂಚಿಗೆ 13 ಕಣ್ಣು, 18 ಮೆಶ್ ಅಂದರೆ 18. ಮೊಂಡು ತುದಿಯ ಸೂಜಿಯಲ್ಲಿ ಉಣ್ಣೆಯ ನೂಲು ಪೋಣಿಸಿ, ಎಳೆಗಳು ಕೂಡುವ ಒಂದೊಂದು ಜಾಗವನ್ನೂ ಒಂದೊಂದು ಓರೆ ಹೊಲಿಗೆಯಿಂದ ಮುಚ್ಚುತ್ತಾ ಹೋಗಬೇಕು. 18 ಮೆಶ್‌ನಲ್ಲಿ ಹತ್ತಿಂಚು ಉದ್ದ, ಹತ್ತಿಂಚು ಅಗಲದ ತುಂಡಿಗೆ 32,400 ಹೊಲಿಗೆ. ಕೇಳುವುದಕ್ಕೆ ಬಹಳ ಅನ್ನಿಸುತ್ತದೆ. ಆದರೆ 13 ಮೆಶ್‌ನಲ್ಲಿ ಐದಿಂಚಿನ ಎಲೆಗೆ ತೊಟ್ಟಿನಿಂದ ತುದಿಯವರೆಗೆ ಸಿಗುವುದು ಬರೀ 65 ಚೌಕ. ಅಷ್ಟರಲ್ಲೇ ನಡುನರ, ಅಡ್ಡನರ, ಅಂಚಿನ ಗರಗಸ, ಹುಳ ತಿಂದ ತೂತು ಎಲ್ಲ ಹಿಡಿಸಬೇಕು. ಹಿಡಿಸುವುದಿಲ್ಲ. ಯಾವುದನ್ನು ಬಿಡಬೇಕೋ ಅದನ್ನು ಯಾರಾದರೂ ತೀರ್ಮಾನಿಸಲೇಬೇಕು. ಫೋಟೊ ಎಲ್ಲವನ್ನೂ ಒಂದೇ ಸಮನಾಗಿ ಹಿಡಿಯುತ್ತದೆ, ಬಿಡುವುದು ಅದಕ್ಕೆ ಬಾರದು.

ಬಿಡಬೇಕಾದರೆ ಮೊದಲು ನೋಡಿರಬೇಕು. ಎಲೆ ಎದುರು ಕೂತ ಮೊದಲ ದಿನ ಕಾಣುವುದು ಹಸಿರು, ಅಷ್ಟೇ. ಆಮೇಲೆ ಬೆಳಕು ಮೇಲೆ ಬಿದ್ದಾಗಿನ ಹಸಿರೇ ಬೇರೆ, ಎಲೆಯನ್ನು ಹಾದು ಬಂದಾಗಿನ ಹಳದಿ ಬೆರೆತ ಹಸಿರೇ ಬೇರೆ ಅಂತ ಗೊತ್ತಾಗುತ್ತದೆ. ನೆರಳಿನಲ್ಲಿ ಅದು ಹೆಚ್ಚುಕಡಿಮೆ ನೀಲಿ. ಮೂರನೆಯ ದಿನದ ಹೊತ್ತಿಗೆ ನನಗೆ ಬೇಕಾದ್ದು ನಾಲ್ಕೇ ಬಣ್ಣ ಅನ್ನುವ ಧೈರ್ಯ ಬಂದಿರುತ್ತದೆ. ಅಂಚಿನ ಬಾಗು ಇನ್ನೊಂದು ತಲೆನೋವು. ಚೌಕಗಳಲ್ಲಿ ಬಾಗು ಅಂದರೆ ಮೆಟ್ಟಿಲೇ. ಮೆಟ್ಟಿಲು ಒಂದು, ಎರಡು, ಮೂರು ಎಂದು ಕ್ರಮವಾಗಿ ಉದ್ದವಾದರೆ ಕಣ್ಣು ಅದನ್ನು ಬಾಗೆಂದು ಒಪ್ಪುತ್ತದೆ. ಒಂದು, ಮೂರು, ಎರಡು ಆಯಿತೋ, ಯಾರೋ ಕಚ್ಚಿದ ಹಾಗಿರುತ್ತದೆ. (ನಿಜವಾಗಿ ಹುಳ ಕಚ್ಚಿದ ಎಲೆ ಬಿಡಿಸುವಾಗ ಈ ತಪ್ಪನ್ನೇ ಬೇಕೆಂದು ಮಾಡುತ್ತೇನೆ.)

ಬಣ್ಣದ ವಿಷಯದಲ್ಲಿ ನನಗೆ ಪಾಠ ಕಲಿಸಿದ್ದು ಕಾಗೆ. ಮುಸ್ಸಂಜೆಯ ನೀಲಿ ಆಕಾಶದ ಮುಂದೆ ಕೂತ ಕಾಗೆ. ಇದ್ದುದರಲ್ಲೇ ಕಡುಗಪ್ಪು ನೂಲು ತಂದು ಹೊಲಿದೆ. ಸುತ್ತ ನೀಲಿ ತುಂಬುತ್ತಾ ಬಂದಂತೆ ಕಾಗೆ ಮಾಸಿ, ತುಕ್ಕಿನ ಛಾಯೆಗೆ ತಿರುಗಿತು. ನೂಲೇ ಕಳಪೆ ಅಂತ ಶಪಿಸಿದೆ. ಪ್ಯಾರಿಸ್ಸಿನ ಗೊಬ್ಲಾ ಚಿತ್ರನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೂ ಇದೇ ದೂರು ಬಂದಿತ್ತಂತೆ, ನಿಮ್ಮ ಕಪ್ಪು ಕಪ್ಪಾಗಿಲ್ಲ ಅಂತ. ಆತ ಪರೀಕ್ಷಿಸಿ ನೋಡಿದರೆ ದೋಷ ಬಣ್ಣದಲ್ಲಿರಲಿಲ್ಲ, ಪಕ್ಕದ ನೀಲಿ ನೇರಳೆಗಳಲ್ಲಿತ್ತು. ನೀಲಿಯ ಪಕ್ಕದಲ್ಲಿ ಕಪ್ಪು ಇಟ್ಟರೆ ನೀಲಿಯ ವಿರುದ್ಧ ಬಣ್ಣವಾದ ಕಿತ್ತಳೆಯ ಛಾಯೆ ಕಪ್ಪಿನ ಮೇಲೆ ಬಿದ್ದಂತೆ ಕಣ್ಣಿಗೆ ತೋರುತ್ತದೆ. 1839ರಲ್ಲಿ ಆತ ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದ. ಇದನ್ನು ಓದಿದ ಮೇಲೆ ಕಾಗೆಯನ್ನು ಬಿಚ್ಚಿ, ಸೂಜಿಯಲ್ಲಿದ್ದ ಕಪ್ಪು ಎಳೆಗಳಲ್ಲಿ ಒಂದನ್ನು ತೆಗೆದು ಕಡುನೀಲಿ ಎಳೆ ಸೇರಿಸಿ ಹೊಲಿದೆ. ಆಮೇಲೆ ನಿಜವಾದ ಕಾಗೆಯನ್ನು ಬೆಳಗಿನ ಬಿಸಿಲಲ್ಲಿ ನೋಡಿದಾಗ ನಾಚಿಕೆಯಾಯಿತು. ಅದರ ರೆಕ್ಕೆಯಲ್ಲಿ ನೀಲಿ ಮೊದಲಿನಿಂದಲೂ ಇತ್ತು.

ಬೇರೆಯವರ ಚಿತ್ರ ನೋಡಿ ಹೊಲಿಯುವುದೇ ತಪ್ಪು ಅಂತಲ್ಲ. ಸ್ಕಾಟ್ಲೆಂಡಿನ ರಾಣಿ ಮೇರಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದಾಗ ಹೊಲಿದ ಪ್ರಾಣಿಪಕ್ಷಿಗಳಲ್ಲಿ ಬಹಳಷ್ಟು ಗೆಸ್ನರ್ ಎಂಬ ಸ್ವಿಸ್ ವಿದ್ವಾಂಸನ ಪುಸ್ತಕದ ಮರದಚ್ಚಿನ ಚಿತ್ರಗಳಿಂದ ಬಂದವು. ಸೆರೆಯಾಳು ಕಾಡಿಗೆ ಹೋಗಿ ಕೂರುವುದೆಲ್ಲಿ ಬಂತು? ಆದರೂ ಆಕೆ ಹೊಲಿದ ಬೆಕ್ಕು ಕೆಂಚು ಬಣ್ಣದ್ದು, ಅದರ ಮುಂದೊಂದು ಇಲಿ. ಬೆಕ್ಕೆಂದರೆ ಆಕೆಯನ್ನು ಸೆರೆಯಲ್ಲಿಟ್ಟ ಇಂಗ್ಲೆಂಡಿನ ರಾಣಿ, ಕೆಂಗೂದಲಿನ ಎಲಿಜಬೆತ್, ಇಲಿಯೆಂದರೆ ಮೇರಿಯೇ ಎಂದು ಓದುವವರಿದ್ದಾರೆ. ನಕಲು ಮಾಡುವಾಗಲೂ ಆಕೆ ಸುಮ್ಮನೆ ಚೌಕ ತುಂಬುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಈ ಸಲ ನನ್ನನ್ನು ಸತಾಯಿಸಿದ್ದು ಪಾತರಗಿತ್ತಿಯ ಮೀಸೆ. ನಮ್ಮ ಹೊಲಿಗೆಗಳೆಲ್ಲ ಎಡ ಕೆಳಗಿನಿಂದ ಬಲ ಮೇಲಕ್ಕೆ ಒಂದೇ ಕಡೆ ವಾಲಿರುತ್ತವೆ. ಹಾಗಾಗಿ ಅದೇ ದಿಕ್ಕಿಗೆ ಓಡುವ ಗೆರೆ ದಾರ ಎಳೆದಂತೆ ಅಖಂಡವಾಗಿ ಕಾಣುತ್ತದೆ, ಎದುರು ದಿಕ್ಕಿಗೆ ಓಡುವ ಗೆರೆ ಚುಕ್ಕಿ ಚುಕ್ಕಿಯಾಗಿ ತುಂಡಾಗುತ್ತದೆ. ರೆಕ್ಕೆ ಬಿಚ್ಚಿದ ಪಾತರಗಿತ್ತಿಯನ್ನು ಮೇಲಿನಿಂದ ಬಿಡಿಸಿದರೆ ಬಲಮೀಸೆ ಚಂದ, ಎಡಮೀಸೆ ಮುರಿದ ಮಣಿಸರ. ಎಷ್ಟು ತಿದ್ದಿದರೂ ಅದೇ ಕತೆ.

ಕ್ಯಾನ್ವಾಸ್ ಬಿಟ್ಟು ಎದ್ದು ಹೋಗಿ ಹೂವಿನ ಗಿಡದ ಪಕ್ಕ ಕೂತೆ. ಎರಡು ದಿನ ಬಂದು ಹೋಗುವವುಗಳನ್ನು ನೋಡುವುದೇ ಆಯಿತು. ಮೂರನೆಯ ಸಂಜೆ ಒಂದು ಬಂದು ಎಲೆಯ ತುದಿಯಲ್ಲಿ ರೆಕ್ಕೆ ಜೋಡಿಸಿ ಮುಚ್ಚಿಕೊಂಡು ಕೂತಿತು, ನನ್ನ ಬಲಕ್ಕೆ ಮುಖ ಮಾಡಿ. ಪಕ್ಕದಿಂದ ನೋಡಿದರೆ ಎರಡು ಮೀಸೆಯೂ ಹೆಚ್ಚುಕಡಿಮೆ ಒಂದೇ ಕಡೆ, ಬಲ ಮೇಲಕ್ಕೆ. ಅಲುಗಾಡದೆ ಎಣಿಸಿದೆ: ಒಂದೊಂದು ಮೀಸೆಗೆ ಒಂಬತ್ತು ಹೊಲಿಗೆ, ತುದಿಯ ಗುಂಡಿಗೆ ಒಂದು ಹೆಚ್ಚು.